ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ?

ಆರು ವರ್ಷಗಳ ಹಿಂದೆ ಪಿತ್ತಕೋಶದ ಕಲ್ಲಿಗೆ ಲ್ಯಾಪರೊಸ್ಕೋಪಿ ಮಾಡಿಸಿಕೊಂಡಿದ್ದೆ. ನೋವು ಮರೆತುಹೋಗಿದೆ, ವಾಂತಿ ಮರೆತಿಲ್ಲ. ಖಾಲಿ ಹೊಟ್ಟೆಯಲ್ಲಿ ರಾತ್ರಿಯಿಡೀ ಓಕರಿಕೆ. ಒಂದೊಂದು ಸಲಕ್ಕೂ ಹೊಲಿಗೆ ಕಿತ್ತು ಬಂದ ಹಾಗೆ. "ಅರಿವಳಿಕೆ ಕೊಟ್ಟ ಮೇಲೆ ಇದೆಲ್ಲ ಮಾಮೂಲಿ, ತಡೆದುಕೊಳ್ಳಿ" ಎಂದರು ಆಸ್ಪತ್ರೆಯವರು. ಅತ್ತೆಯವರು "ಪಿತ್ತ ಕೆದರಿದೆ, ಬಿಡು" ಎಂದರು. ಪಿತ್ತಕೋಶವನ್ನೇ ತೆಗೆಸಿಕೊಂಡು ಮಲಗಿದವಳಿಗೆ!

ಈ ವರ್ಷ ಗರ್ಭಕೋಶದ ಆಪರೇಷನ್. ಹಿಂದಿನ ದಿನ ಬಂದ ಅರಿವಳಿಕೆ ತಜ್ಞೆ ಕೇಳಿದ್ದು, "ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ?" ನಮ್ಮ ಯಜಮಾನರಿಗೆ ನಗು. ಚಾರ್ಮಾಡಿ ಘಾಟಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತಾ ಕಿಟಕಿಗೆ ಅಂಟಿಕೊಂಡೇ ಬೆಳೆದವಳು ನಾನು. ಆದರೆ ಆಕೆ ತಮಾಷೆಗೆ ಕೇಳಿರಲಿಲ್ಲ. ಆಪರೇಷನ್ನಿನ ನಂತರ ಯಾರಿಗೆ ವಾಂತಿಯಾಗಬಹುದು ಎಂದು 1999ರಲ್ಲಿ ಅರಿವಳಿಕೆ ತಜ್ಞ ಕ್ರಿಶ್ಚಿಯನ್ ಆಪ್ಫೆಲ್ ಮತ್ತು ಸಂಗಡಿಗರು ಮಾಡಿದ ಲೆಕ್ಕವೊಂದಿದೆ: ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಪ್ರಯಾಣದಲ್ಲೋ ಹಿಂದಿನ ಆಪರೇಷನ್ನಿನಲ್ಲೋ ವಾಂತಿಯಾಗಿರುವುದು, ಆಪರೇಷನ್ ಆದ ಮೇಲೆ ಮಾರ್ಫೀನ್ ಜಾತಿಯ ನೋವುನಿವಾರಕ ಬೇಕಾಗುವುದು. ಒಂದೂ ಇಲ್ಲದವರಿಗೆ ವಾಂತಿ, ವಾಕರಿಕೆಯ ಸಾಧ್ಯತೆ ಸುಮಾರು ಶೇ. 10, ನಾಲ್ಕೂ ಇದ್ದರೆ ಶೇ. 80ರ ಹತ್ತಿರ. ನನಗೆ ನಾಲ್ಕಕ್ಕೆ ನಾಲ್ಕು. ಶಾಲೆಯಲ್ಲೂ ಇಷ್ಟು ಅಂಕ ಬಂದಿರಲಿಲ್ಲ. (ಸಿಗರೇಟು ಸೇದುವವರಿಗೆ ವಾಂತಿ ಕಡಿಮೆ ಎಂದು ಯಜಮಾನರಿಗೆ ನಾನಂತೂ ಹೇಳಿಲ್ಲ.)

ವಾಂತಿ ಶುರುವಾದ ಮೇಲೆ ಓಡಾಡುವುದಲ್ಲ, ಮೊದಲೇ ತಡೆಯಬೇಕು ಎಂದರು ಆಕೆ. ನಿದ್ದೆ ಬಂದ ಕೂಡಲೇ ಡೆಕ್ಸಾಮೆಥಾಸೋನ್, ಮುಗಿಯುವ ಹೊತ್ತಿಗೆ ಒಂಡಾನ್‌ಸೆಟ್ರಾನ್. ಮೊದಲನೆಯದನ್ನು ಎಚ್ಚರವಿದ್ದಾಗ ರಭಸವಾಗಿ ಚುಚ್ಚಿದರೆ ಹೇಳಿಕೊಳ್ಳಲಾಗದ ಜಾಗದಲ್ಲಿ ವಿಪರೀತ ಉರಿ, ತುರಿಕೆ ಆಗುತ್ತದಂತೆ. ಅದಕ್ಕೇ ನಿದ್ದೆಯವರೆಗೆ ಕಾಯುವುದು. ಅರಿವಳಿಕೆಗೂ ಅನಿಲದ ಬದಲು ಪ್ರೊಪೊಫಾಲ್ ಡ್ರಿಪ್. ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾಂತಿ ತಡೆಯುವ ಒಂದೊಂದು ಮದ್ದೂ ಅಪಾಯವನ್ನು ಕಾಲು ಭಾಗದಷ್ಟು ಇಳಿಸಿತ್ತು. ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವವನ್ನು ಕೂಡಿಸಿದಷ್ಟೂ ಲಾಭ.

ವಾಂತಿಗೆ ಕೊಟ್ಟ ಆ ಎರಡೂ ಹಳೆಯ, ಅಗ್ಗದ ಮದ್ದುಗಳು. ಹಾಗೆಂದು ಎಲ್ಲರಿಗೂ ಕಣ್ಣುಮುಚ್ಚಿ ಚುಚ್ಚುವಂಥವೂ ಅಲ್ಲ. ಡೆಕ್ಸಾಮೆಥಾಸೋನ್ ಸಕ್ಕರೆ ಏರಿಸುತ್ತದೆ, ಒಂಡಾನ್‌ಸೆಟ್ರಾನ್ ತಲೆನೋವು, ಮಲಬದ್ಧತೆ ತರಬಹುದು. ಹೃದಯದ ಬಡಿತದಲ್ಲಿ ತೊಂದರೆ ಇರುವವರು ಮೊದಲೇ ಹೇಳಬೇಕು. ಆದರೆ ಹೇಳುವುದಕ್ಕೆ ಯಾರಾದರೂ ಕೇಳಬೇಕಲ್ಲ! ಕೇಳದೆ ಮಲಗಿಸಿ, ಆಮೇಲೆ "ತಡೆದುಕೊಳ್ಳಿ" ಎನ್ನುವುದು ನನಗಂತೂ ಚಿಕಿತ್ಸೆ ಎನಿಸುವುದಿಲ್ಲ.

ಈ ಸಲ ಪೂರ್ತಿ ತಪ್ಪಿತು ಎಂದು ಸುಳ್ಳು ಹೇಳುವುದಿಲ್ಲ. ಸಂಜೆ ಒಮ್ಮೆ ವಾಕರಿಕೆ ಬಂತು, ಬೇರೆ ಗುಂಪಿನ ಇಂಜೆಕ್ಷನ್ ಕೊಟ್ಟರು, ನಿದ್ದೆ ಹೋದೆ. ಬೆಳಿಗ್ಗೆ ಗಂಜಿ ಕುಡಿದೆ.

ಮುಂದಿನ ವಾರ ತಂಗಿಗೆ ಥೈರಾಯ್ಡ್ ಆಪರೇಷನ್. ಅವಳೂ ಅದೇ ಬಸ್ಸಿನ ಇನ್ನೊಂದು ಕಿಟಕಿಗೆ ಅಂಟಿಕೊಂಡು ಬೆಳೆದವಳು. ಯಾರೂ ಕೇಳದಿದ್ದರೂ ಇರಲಿ ಎಂದು ಅವಳ ಫೈಲಿನೊಳಗೆ ಒಂದು ಚೀಟಿ ಸೇರಿಸಿದ್ದೇನೆ.