ಪಿಎಚ್‌ಡಿ ಗೈಡ್ ಆನ್‌ಲೈನ್‌ನಲ್ಲೇ ಸಿಕ್ಕರೆ ಸಾಕೇ?

ಪರ

ಪಿಎಚ್‌ಡಿ ಮುಗಿಸಿದವರು ತಮ್ಮ ವಿಷಯದಲ್ಲಿ ಪಳಗಿರುತ್ತಾರೆ. ಆದರೆ ಗೈಡ್ (ಸಂಶೋಧನಾ ಮಾರ್ಗದರ್ಶಕ) ಆಗುವುದನ್ನು ಹೆಚ್ಚಿನವರು ಎಲ್ಲೂ ಕಲಿತಿರುವುದಿಲ್ಲ. ತಮ್ಮ ಗೈಡ್ ಹೇಗಿದ್ದರೋ ತಾವೂ ಹಾಗೇ, ಇಲ್ಲವೇ ಹಟಕ್ಕೆ ಬಿದ್ದು ಅದರ ತದ್ವಿರುದ್ಧ. ಕೋಣೆಯೊಳಗೆ ಇಬ್ಬರ ನಡುವೆ ಏನು ನಡೆಯಿತೆಂದು ಮೂರನೆಯವರಿಗೆ ಗೊತ್ತಾಗುವುದೂ ಇಲ್ಲ.

ಆನ್‌ಲೈನ್‌ನಲ್ಲಿ ಅದನ್ನು ನೋಡಲು ದಾರಿಯಿದೆ. ವಿದ್ಯಾರ್ಥಿ ಒಪ್ಪಿದರೆ ಒಂದು ಭೇಟಿಯನ್ನು ರೆಕಾರ್ಡ್ ಮಾಡಿ, ಗೈಡ್ ಆಮೇಲೆ ತಾವೇ ಕೂತು ನೋಡಬಹುದು. ಯಾರು ಜಾಸ್ತಿ ಮಾತಾಡಿದರು? ಪ್ರಶ್ನೆ ಕೇಳಿ ಉತ್ತರಕ್ಕೆ ಕಾದೆನೋ, ನಾನೇ ಉತ್ತರವನ್ನೂ ಹೇಳಿಬಿಟ್ಟೆನೋ? ಇಂಥ ಪಾಠ ಯಾವ ಕಾರ್ಯಾಗಾರದಲ್ಲೂ ಸಿಗದು. (ನೋಡಲು ಧೈರ್ಯ ಬೇಕು, ಅದು ಬೇರೆ ಮಾತು.)

ಸ್ವೀಡನ್‌ನಲ್ಲಿ ಪ್ರತಿ ಪಿಎಚ್‌ಡಿ ವಿದ್ಯಾರ್ಥಿಗೂ ಕನಿಷ್ಠ 2 ಗೈಡ್‌ಗಳಿರಬೇಕೆಂಬ ನಿಯಮವಿದೆ. ಅಂಥ ಕಡೆ ಎರಡನೆಯವರು ಬೇರೆ ಊರಿನಲ್ಲಿದ್ದರೂ ವಿಡಿಯೋ ಕರೆಯಲ್ಲಿ ಜೊತೆಗೂಡಬಹುದು. ಹಳಬರು ಬಿಕ್ಕಟ್ಟನ್ನು ಹೇಗೆ ಬಿಡಿಸುತ್ತಾರೆಂದು ಹೊಸ ಗೈಡ್ ಅಲ್ಲೇ ನೋಡಿ ಕಲಿಯುತ್ತಾರೆ. ಇನ್ನು ಕೆಲಸದಲ್ಲಿರುವವರು, ಚಿಕ್ಕ ಮಕ್ಕಳಿರುವವರು? ಅವರಿಗೆ ಆನ್‌ಲೈನ್ ಇಲ್ಲದಿದ್ದರೆ ಸಂಶೋಧನೆಯೇ ಇಲ್ಲ. ದೂರದಿಂದ ಕಲಿಸುವುದು ಹೊಸದೂ ಅಲ್ಲ. ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯ 1946ರಲ್ಲೇ ಅಂಚೆ ಮೂಲಕ ಪಾಠ ಶುರುಮಾಡಿತ್ತು.

ವಿರೋಧ

ಚಾಪ್ಟರ್ ಬರೆಯಲಾಗದೆ ಕಂಗೆಟ್ಟ ವಿದ್ಯಾರ್ಥಿ ಮೊದಲು ಮಾಡುವ ಕೆಲಸ ಗೈಡ್ ಕಣ್ಣು ತಪ್ಪಿಸುವುದು. ವಿಭಾಗದಲ್ಲಿದ್ದರೆ ಕಾರಿಡಾರ್‌ನಲ್ಲಾದರೂ ಸಿಕ್ಕಿಬೀಳುತ್ತಾರೆ. ಆನ್‌ಲೈನ್‌ನಲ್ಲಿ ‘ನೆಟ್‌ವರ್ಕ್ ಸರಿಯಿಲ್ಲ ಮೇಡಂ’ ಎಂದು ಕ್ಯಾಮೆರಾ ಆಫ್ ಮಾಡಿದರೆ ಮುಗಿಯಿತು. ತಿಂಗಳುಗಳು ಸುಮ್ನೆ ಕಳೆದುಹೋಗುತ್ತವೆ.

ರೆಕಾರ್ಡ್ ಮಾಡಲೇ ಎಂದು ಗೈಡ್ ಕೇಳಿದರೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ಪ್ರಬಂಧಕ್ಕೆ ಸಹಿ ಹಾಕಬೇಕಾದವರೇ ಅವರು, ಅಲ್ವಾ? ರೆಕಾರ್ಡಿಂಗ್ ನಡೆಯುತ್ತಿದ್ದರೆ ‘ನನಗಿದು ಅರ್ಥವಾಗಲಿಲ್ಲ’ ಎಂಬ ಮಾತು ಬಾಯಿಗೇ ಬರುವುದಿಲ್ಲ. ಡ್ರಾಫ್ಟ್‌ನ ಅಂಚಿನ ಕಮೆಂಟುಗಳ ಕಥೆಯೂ ಅಷ್ಟೇ. ‘ಇದು ಸ್ಪಷ್ಟವಿಲ್ಲ’ ಎಂದು ಎದುರು ಕೂತು ಹೇಳಿದರೆ ಸಲಹೆ. ರಾತ್ರಿ ಒಬ್ಬರೇ ಕೂತು ಓದಿದರೆ ಬೈಗುಳ. ಪ್ರಯೋಗಾಲಯದ ಕೆಲಸವಂತೂ ಪಕ್ಕದಲ್ಲಿ ನಿಂತು ಕೈ ತಿದ್ದದೆ ಬರುವುದಿಲ್ಲ.

ಅಧ್ಯಾಪಕರ ತರಬೇತಿ ಎಂದರೆ ಎಷ್ಟೋ ಕಡೆ ಒಂದು ವೆಬಿನಾರ್, ಕೊನೆಗೊಂದು ಸರ್ಟಿಫಿಕೇಟ್. ಅವರಿಗೆ ಸಾಲದಿರುವುದು ಸಮಯ. ಆನ್‌ಲೈನ್ ಸಲೀಸು ಎಂದು ಆಡಳಿತ ಇನ್ನಷ್ಟು ವಿದ್ಯಾರ್ಥಿಗಳನ್ನು ಅವರ ತಲೆಗೆ ಕಟ್ಟಿದರೆ ಯಾವ ತರಬೇತಿ ತಾನೇ ಏನು ಮಾಡೀತು? ಕನಿಷ್ಠ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಒಪ್ಪಿಗೆಯಾಗುವವರೆಗಾದರೂ ಗೈಡ್, ವಿದ್ಯಾರ್ಥಿ ಎದುರುಬದುರು ಕೂರಲಿ. ವಿಡಿಯೋ ಕರೆ ಆಮೇಲೆ ಇದ್ದೇ ಇದೆ.