ಪಾತ್ರ ಅವರದು, ನಡಿಗೆ ನಮ್ಮದು

ಸ್ವಂತ ಶೈಲಿ ಬೇಕೆನ್ನುವವನು ಮೊದಲು ಸ್ವಂತ ಪಾತ್ರವನ್ನು ಸೃಷ್ಟಿಸಲಿ, ಬೇರೆಯವರ ಅನಿಮೇಷನ್ ಪಾತ್ರವನ್ನು ಚಿತ್ರಿಸುತ್ತ ಕೂರುವುದು ಬರೀ ನಕಲು ಎಂಬ ಮಾತನ್ನು ಬೆಂಗಳೂರಿನ ಗೆಳೆಯರಿಂದ ಆಗಾಗ ಕೇಳುತ್ತಿರುತ್ತೇನೆ. ಒಸಾಕಾದಲ್ಲಿ ನೆಲೆಸಿ, ಬಿಡುವಾದಾಗಲೆಲ್ಲ ಮೆಚ್ಚಿನ ಸರಣಿಗಳ ಪಾತ್ರಗಳನ್ನು ಕೈಯಿಂದಲೇ ಬರೆದು ಚಲಿಸುವಂತೆ ಮಾಡುವ ನನ್ನ ಅನಿಸಿಕೆ ಇದಕ್ಕೆ ತದ್ವಿರುದ್ಧವಾದುದು. ಪಾತ್ರದ ಮುಖ, ಉಡುಗೆ, ಬಣ್ಣ ಎಲ್ಲವೂ ಮೊದಲೇ ತೀರ್ಮಾನವಾಗಿರುವಾಗ ಬರೆಯುವವನ ಪಾಲಿಗೆ ಉಳಿಯುವುದು ಚಲನೆಯೊಂದೇ, ಮತ್ತು ಅನಿಮೇಷನ್ ಮಾಡುವವನ ಗುರುತು ಎದ್ದು ಕಾಣುವುದು ಅಲ್ಲಿಯೇ.

ಒಂದು ಸೆಕೆಂಡಿಗೆ 24 ಚೌಕಟ್ಟುಗಳಿದ್ದರೂ, ಒಂದೊಂದು ಚಿತ್ರವನ್ನು ಎರಡೋ ಮೂರೋ ಚೌಕಟ್ಟುಗಳ ಕಾಲ ನಿಲ್ಲಿಸುವುದು ಇಲ್ಲಿನ ವಾಡಿಕೆಯಾದ್ದರಿಂದ ಬರೆಯಬೇಕಾದದ್ದು 12 ಅಥವಾ 8 ಚಿತ್ರ. ಹುಡುಗಿಯೊಬ್ಬಳು ತಿರುಗಿ ನೋಡುವ ತುಣುಕನ್ನೇ ತೆಗೆದುಕೊಳ್ಳಿ. ಕಣ್ಣು ಮೊದಲು ಹೊರಳಬೇಕೋ ತಲೆಯೋ, ಕೂದಲು ಎಷ್ಟು ಚಿತ್ರಗಳಷ್ಟು ಹಿಂದುಳಿಯಬೇಕು, ನಡುವೆ ರೆಪ್ಪೆ ಮುಚ್ಚಿದ ಚಿತ್ರವೊಂದು ಬೇಕೋ ಬೇಡವೋ ಎಂಬುದನ್ನು ಪಾತ್ರದ ರೂಪ ತೋರಿಸುವ ಯಾವ ಮಾದರಿ ಹಾಳೆಯೂ ಹೇಳಿಕೊಡುವುದಿಲ್ಲ. ಕೆಳಗಿನಿಂದ ಬೆಳಕು ಬೀಳುವ ಲೈಟ್ ಟೇಬಲ್ಲಿನ ಮೇಲೆ ಹಾಳೆಗಳನ್ನು ಅಲುಗದಂತೆ ಹಿಡಿಯುವ ಪೆಗ್ ಬಾರಿಗೆ ಸಿಕ್ಕಿಸಿ, ಬೆರಳುಗಳ ನಡುವೆ ಅವನ್ನು ಹಿಂದಕ್ಕೂ ಮುಂದಕ್ಕೂ ಮಗುಚಿ ನೋಡುತ್ತ, ಬೇಡವೆನಿಸಿದ ಹಾಳೆಯನ್ನು ಕಿತ್ತು ಪಕ್ಕಕ್ಕಿಡುವಾಗ ಆಯ್ಕೆ ಪೂರ್ತಿಯಾಗಿ ನಮ್ಮದೇ. ನನ್ನ ಪಾತ್ರಗಳು ಹೊರಡುವ ಮುನ್ನ ಅರೆಕ್ಷಣ ತಡೆದು, ಹೊರಟ ಮೇಲೆ ದಾರಿಯೇ ಇಲ್ಲವೆಂಬಂತೆ ಗುರಿ ಮುಟ್ಟಿಬಿಡುತ್ತವೆ ಎಂದು ಇಲ್ಲಿನ ಗೆಳೆಯನೊಬ್ಬ ಹೇಳುವವರೆಗೆ ಆ ಚಾಳಿ ನನಗೇ ಗೊತ್ತಿರಲಿಲ್ಲ. ಮೂಲ ಸರಣಿಯಲ್ಲಿ ಅದೇ ಪಾತ್ರ ಹೇಗೆ ತಿರುಗುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿದ್ದರಿಂದಲೇ ನನ್ನ ವ್ಯತ್ಯಾಸ ಅವನ ಕಣ್ಣಿಗೆ ಬಿತ್ತು. ನಾನೇ ಕಟ್ಟಿದ ಪಾತ್ರವಾಗಿದ್ದರೆ ಹೋಲಿಸುವುದಕ್ಕೆ ಅವನಿಗೆ ಏನೂ ಇರುತ್ತಿರಲಿಲ್ಲ.

ಈ ಊರಿಗೆ ಇದರದೇ ಒಂದು ಇತಿಹಾಸವಿದೆ. 1981ರಲ್ಲಿ ಒಸಾಕಾದಲ್ಲಿ ನಡೆದ ವೈಜ್ಞಾನಿಕ ಕಥಾ ಸಮ್ಮೇಳನದ ಆರಂಭಕ್ಕೆಂದು ಹಿದೆಆಕಿ ಅನ್ನೊ, ಹಿರೋಯುಕಿ ಯಾಮಾಗಾ, ತಕಾಮಿ ಅಕಾಯ್ ಎಂಬ ವಿದ್ಯಾರ್ಥಿಗಳು ಸಂಗಡಿಗರೊಡನೆ 8 ಮಿ.ಮೀ. ಫಿಲ್ಮಿನಲ್ಲಿ ಕಿರುಚಿತ್ರವೊಂದನ್ನು ಮಾಡಿದರು. ಶಾಲೆಯ ಚೀಲ ಹೊತ್ತ ಪುಟ್ಟ ಹುಡುಗಿಯ ಮೇಲೆ ಎರಗುವ ಯಂತ್ರಗಳೂ ದೈತ್ಯರೂ ಬಹುಪಾಲು ಬೇರೆಯವರ ಕೃತಿಗಳಿಂದ ಬಂದವು. 1983ರ ಸಮ್ಮೇಳನಕ್ಕೆ ಅವರು ಇನ್ನೊಂದನ್ನು ಮಾಡಿದರು, 1984ರ ಕೊನೆಗೆ ಆ ಗುಂಪಿನಿಂದಲೇ ಗೈನಾಕ್ಸ್ ಸ್ಟುಡಿಯೋ ಹುಟ್ಟಿತು. ಆ ಎರಡು ಚಿತ್ರಗಳ ಸ್ಫೋಟಗಳನ್ನು ಈಗ ನೋಡಿದರೂ, ಮುಂದೆ ಅನ್ನೊ ಅವರದೆಂದು ಜಗತ್ತು ಗುರುತಿಸಿದ ಕೈಚಳಕ ಅಲ್ಲಾಗಲೇ ಚಿಗುರಿದ್ದು ಕಾಣುತ್ತದೆ. ಅನಿಮೇಟರ್ ಯೋಶಿನೋರಿ ಕನಾದಾ ಅವರ ಚೂಪು ಮೂಲೆಯ ಭಂಗಿಗಳನ್ನೂ ಬೆಂಕಿಯ ನಾಲಗೆಗಳನ್ನೂ ಹಲವು ಕಿರಿಯರು ಅನುಕರಿಸಿದರು. ಕನಾದಾ ಅವರನ್ನು ಮೆಚ್ಚಿ ಬೆಳೆದ ನಿರ್ದೇಶಕ ಹಿರೋಯುಕಿ ಇಮಾಯಿಶಿ ಅವರ ಕೆಲಸವನ್ನು ಇಂದು ಯಾರೂ ಕನಾದಾ ಅವರದೆಂದು ತಪ್ಪು ತಿಳಿಯಲಾರರು.

ಬೆಂಗಳೂರಿನ ದಾರಿ ಬೇರೆ. ಕರ್ನಾಟಕ ಅನಿಮೇಷನ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿಯೊಂದನ್ನು ತಂದ ರಾಜ್ಯ, ಅಲ್ಲಿನ ಸ್ಟುಡಿಯೋಗಳು ಹೊರದೇಶದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟು ಸಾವಿರಾರು ಮಂದಿಗೆ ಅನ್ನ ಕೊಟ್ಟಿವೆ, ಇದನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ಗುತ್ತಿಗೆಯ ಕೆಲಸದಲ್ಲಿ ಮಾದರಿಗೆ ಕೂದಲೆಳೆಯಷ್ಟೂ ತಪ್ಪದಿರುವುದೇ ದೊಡ್ಡ ಗುಣ, ಮತ್ತು ನಾನು ಕಂಡ ಮಟ್ಟಿಗೆ ಕಲಿಯುವ ಹುಡುಗರೂ ಸಾಫ್ಟ್‌ವೇರ್ ಕಲಿತು, ತಮ್ಮ ಕೆಲಸದ ತುಣುಕುಗಳ ಶೋರೀಲ್ ಕಟ್ಟಿ, ನೇರವಾಗಿ ಆ ಗುಣದ ಪರೀಕ್ಷೆಗೇ ಇಳಿಯುತ್ತಾರೆ. ಯಾರೂ ಸಂಬಳ ಕೊಡದ, ಅತಿಯಾಗಿ ಮಾಡಿದರೂ ಗದರದ ಜಾಗ ಅವರಿಗೆ ಸಿಗುವುದೇ ಇಲ್ಲ. ಜಪಾನಿನಲ್ಲಿ 1975ರಿಂದ ನಡೆದುಬಂದ, ಅಭಿಮಾನಿಗಳು ತಾವೇ ಮಾಡಿದ ಕಾಮಿಕ್ಸ್ ಮಾರುವ ಕಾಮಿಕೆಟ್ ಮೇಳದಂಥ ಜಾಗಗಳೂ, ಹಾಡಿಗೆ ತಕ್ಕಂತೆ ಮೆಚ್ಚಿನ ಪಾತ್ರಗಳನ್ನು ಬರೆದು ಕುಣಿಸುವ ‘ತೆಗಾಕಿ ಮ್ಯಾಡ್’ ಎಂಬ ಹವ್ಯಾಸವೂ ಆ ಕೆಲಸ ಮಾಡುತ್ತವೆ. ಜಪಾನಿನ ಕಾನೂನು ಇದಕ್ಕೆ ಉದಾರವಾಗಿದೆ ಎಂದಲ್ಲ. ಹಕ್ಕುದಾರರು ಬಹುಮಟ್ಟಿಗೆ ಕಂಡೂ ಕಾಣದಂತೆ ಇದ್ದುಬಿಡುತ್ತಾರೆ. ಹಾಗೆಯೇ, ಇಲ್ಲಿನ ಅಭಿಮಾನಿಗಳೆಲ್ಲ ಶೈಲಿಕಾರರೂ ಅಲ್ಲ, ಅದೇ ಹೊಗೆ, ಅದೇ ಮಿಂಚು, ಅದೇ ಚೌಕಾಕಾರದ ಕಲ್ಲುಚೂರು ಬರೆಯುತ್ತ ವರ್ಷಗಟ್ಟಲೆ ಕಳೆಯುವವರೇ ಹೆಚ್ಚು.

ನನಗೆ ಸೋಜಿಗವೆನಿಸುವುದು, ಈ ಮನೋಭಾವ ನಮಗೆ ಹೊರಗಿನದಲ್ಲ ಎಂಬುದು. ತಾಳಮದ್ದಳೆಯಲ್ಲಿ ಪ್ರಸಂಗ ಹಳೆಯದು, ಪದ್ಯ ಬೇರೆಯವರದು, ಕಥೆ ಸಭೆಗೆಲ್ಲ ಗೊತ್ತಿರುವುದು; ಆದರೂ ಜನ ರಾತ್ರಿಯಿಡೀ ಕೂತು ಕೇಳುವುದು ಅರ್ಥಧಾರಿಯ ಸ್ವಂತ ದನಿಯನ್ನು. ರಾವಣ ನೀವು ಸೃಷ್ಟಿಸಿದ ಪಾತ್ರವಲ್ಲವಲ್ಲ ಎಂದು ಶೇಣಿ ಗೋಪಾಲಕೃಷ್ಣ ಭಟ್ಟರನ್ನು ಯಾರಾದರೂ ಆಕ್ಷೇಪಿಸಿದ್ದರೆ ಸಭೆ ನಕ್ಕುಬಿಡುತ್ತಿತ್ತು. ಕರಾವಳಿಯ ಕೇಳುಗ ಸಹಜವಾಗಿ ಕೊಡುವ ಈ ರಿಯಾಯಿತಿಯನ್ನು ಬೆಂಗಳೂರಿನ ತರಗತಿ ಪೆನ್ಸಿಲ್ ಹಿಡಿದವನಿಗೆ ಏಕೆ ಕೊಡಬಾರದು? ಎಲ್ಲರಿಗೂ ಗೊತ್ತಿರುವ ಪಾತ್ರವೊಂದನ್ನು ಇಡೀ ತರಗತಿಗೆ ಕೊಟ್ಟು, ಕುರ್ಚಿಯಿಂದ ಎದ್ದು ಬಾಗಿಲು ತೆಗೆಯುವ ಒಂದೇ ದೃಶ್ಯವನ್ನು ಪ್ರತಿಯೊಬ್ಬರಿಂದಲೂ ಬರೆಸಿ, ಅಂಕ ಕೊಡುವಾಗ ಮುಖದ ಹೋಲಿಕೆಯನ್ನು ಬದಿಗಿಟ್ಟು ಯಾವ ಚಿತ್ರ ಎಷ್ಟು ಹೊತ್ತು ನಿಲ್ಲಬೇಕೆಂದು ಗುರುತಿಸಿದ ಅವರವರ ಟೈಮಿಂಗ್ ಶೀಟುಗಳನ್ನು ಅಕ್ಕಪಕ್ಕ ಹರಡಿ ನೋಡುವುದಕ್ಕೆ ಹೊಸ ನೀತಿಯೂ ಬೇಡ, ಅನುದಾನವೂ ಬೇಡ.