ಚಿಕ್ಕಪ್ಪನ ಎಲೆಕ್ಷನ್ನು, ಸೋದರತ್ತೆಯ ಕೋಣೆ

ಈಗ ತಾನೇ ಸಾಗರದ ಕಡೆ ಒಂದು ಮಂತ್ರ ಮಾಂಗಲ್ಯ ಮದುವೆ ಮುಗಿಸಿ ಬಂದೆ. ಖುಷಿಯೂ ಇದೆ, ಸಿಟ್ಟೂ ಇದೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಪುರೋಹಿತರಿಲ್ಲ, ಮುಹೂರ್ತವಿಲ್ಲ, ವಾಲಗವಿಲ್ಲ. ಹಿರಿಯರೊಬ್ಬರು ಪ್ರತಿಜ್ಞೆ ಓದಿದರು, ಹುಡುಗ ಹುಡುಗಿ ಅದನ್ನೇ ಹೇಳಿದರು, ಹಾರ ಹಾಕಿಕೊಂಡರು. 20 ನಿಮಿಷ. ಕುವೆಂಪು ರೂಪಿಸಿದ ಈ ರೀತಿಯಲ್ಲಿ ತೇಜಸ್ವಿ ಮದುವೆಯಾದದ್ದು 1966ರಲ್ಲಿ. ನಮ್ಮ ನೆಂಟರಿಗೆ ಇದು ಇನ್ನೂ ಹೊಸ ಫ್ಯಾಷನ್ನು!

ಊಟಕ್ಕೆ ಕೂತಾಗ ಚಿಕ್ಕಪ್ಪ ಶುರು ಮಾಡಿದರು. "ನಾಲ್ಕು ಜನ ಸೇರಿ ಹೀಗೆ ಮದುವೆ ಮಾಡಿದ್ರೆ ಜಾತಿ ಹೋಗುತ್ತಾ? ಮೊದಲು ನಮ್ಮವರು ಗೆದ್ದು ಬರಬೇಕು ಕಣೋ."

ನಮ್ಮವರು! ಐದು ವರ್ಷಕ್ಕೊಮ್ಮೆ ಯಾರೋ ಒಬ್ಬರ ನಮ್ಮವರು ಬರುತ್ತಲೇ ಇದ್ದಾರೆ. ಟಿಕೆಟ್ ಹಂಚುವಾಗ ಅವರು ಮೊದಲು ಕೇಳುವುದೇ ಕ್ಷೇತ್ರದಲ್ಲಿ ಯಾವ ಜಾತಿಯ ಓಟು ಎಷ್ಟಿದೆ ಅಂತ. ಅವರು ಬಂದು ನಮಗೆ ಜಾತಿ ಬಿಡಿಸಬೇಕಂತೆ.

ಹಾಗಾದರೆ ಕಾನೂನು ಬೇಡವಾ ಅಂತ ಕೇಳಲು ಬರುತ್ತೀರಿ, ಗೊತ್ತು. ಬೇಕು ಮಾರಾಯ್ರೆ. ಜಾತಿ ಧರ್ಮ ನೋಡದೆ ಮದುವೆಯಾಗಲು ಬಿಡುವ ವಿಶೇಷ ವಿವಾಹ ಕಾಯ್ದೆ 1954ರಿಂದ ಇದೆ, ಸಂಸತ್ತೇ ಮಾಡಿದ್ದು. ಈ ಹುಡುಗಿ ಮದುವೆಯ ನೋಟಿಸ್ ಕೊಟ್ಟದ್ದೂ ಅದರಡಿಯೇ. ಆ ನೋಟಿಸನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಆಕ್ಷೇಪಣೆಗೆ 30 ದಿನ. ಯಾರೋ ಪುಣ್ಯಾತ್ಮ ಅದರ ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಬಿಟ್ಟ. ಮನೆಯಲ್ಲಿ ಅವಳ ಫೋನ್ ಕಿತ್ತುಕೊಂಡರು.

ಆ 30 ದಿನ ಅವಳನ್ನು ಕಾದದ್ದು ಯಾವ ಪಕ್ಷ? ಸೋದರತ್ತೆ ತಮ್ಮ ಮನೆಗೆ ಕರೆತಂದು ಒಂದು ಕೋಣೆ ಬಿಟ್ಟುಕೊಟ್ಟರು. ಅವರ ಸಂಘದ ಹೆಂಗಸರು ದಿನಾ ಸರದಿ ಮೇಲೆ ಬಂದು, ಮೆಟ್ಟುಗತ್ತಿ ಇಟ್ಟುಕೊಂಡು ಜಗಲಿಯಲ್ಲಿ ಅಡಿಕೆ ಸುಲಿದರು. ಜಗಳವಿಲ್ಲ, ಘೋಷಣೆಯಿಲ್ಲ. ಸುಮ್ನೆ ಕೂತರು. ಹುಡುಗಿಯ ಅಣ್ಣಂದಿರು ಎರಡು ಸಲ ಬಂದು, ಕಾಫಿ ಕುಡಿದು, ವಾಪಸ್ ಹೋದರು. ಇದನ್ನು ಯಾವ ಪ್ರಣಾಳಿಕೆಯಲ್ಲಿ ಬರೆಯುತ್ತೀರಿ?

ಚಿಕ್ಕಪ್ಪನನ್ನು ಬೈಯುವ ಯೋಗ್ಯತೆ ನನಗೂ ಇಲ್ಲ ಬಿಡಿ. 2013ರ ಚುನಾವಣೆಯಲ್ಲಿ ನಾನೂ ನಮ್ಮವರ ಪರ ಪ್ರಚಾರಕ್ಕೆ ಓಡಾಡಿದ್ದೆ. ಸಮಾನತೆಯ ಕರಪತ್ರ ಹಂಚಿ ರಾತ್ರಿ ಮನೆಗೆ ಬಂದರೆ ತಂಗಿ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಅವಳು ಇಷ್ಟಪಟ್ಟ ಹುಡುಗ ಬೇರೆ ಜಾತಿ. ಅಪ್ಪ ಆಗುವುದಿಲ್ಲ ಅಂದಿದ್ದರು. "ಎಲೆಕ್ಷನ್ ಮುಗೀಲಿ, ನಾನು ಮಾತಾಡ್ತೀನಿ" ಅಂದೆ. ಮುಗಿಯಿತು. ನಮ್ಮವರು ಗೆದ್ದರು ಕೂಡ. ನಾನು ಮಾತಾಡಲಿಲ್ಲ.

ಇವತ್ತು ಅವಳೂ ಬಂದಿದ್ದಳು, ಗಂಡ ಮಗನ ಜೊತೆ. ಚಿಕ್ಕಪ್ಪ "ನಮ್ಮವರು" ಅಂದಾಗ ಎದುರು ಪಂಕ್ತಿಯಿಂದ ನನ್ನ ಮುಖವನ್ನೇ ನೋಡಿದಳು. ನಾನು ತಲೆ ತಗ್ಗಿಸಿ ಸಾರನ್ನ ಕಲಸಿದೆ.